ಅಲೆಯೂ ಅಖಾಡವೂ ಕಲಿಸುವ ಪಾಠ



ಮಳೆಗಾಲದ ಉಬ್ಬರದ ಹೊತ್ತಿನಲ್ಲಿ ನಮ್ಮ ಮುಂಬಯಿಯ ಮರೀನ್ ಡ್ರೈವಿನಲ್ಲಿ ನಿಂತು ಸಮುದ್ರವನ್ನು ನೋಡದವರು ನಿಮ್ಮಲ್ಲಿ ವಿರಳ. ದೂರದಲ್ಲಿ ಕರಿಯ ಗೆರೆಯಂತೆ ಕಾಣುವ ಅಲೆಯು ಬರಬರುತ್ತ ಎತ್ತರವಾಗಿ, ಗೋಡೆಗೆ ಅಪ್ಪಳಿಸಿ, ರಸ್ತೆಯ ಮೇಲೆಲ್ಲ ನೀರನ್ನು ಚೆಲ್ಲುತ್ತದೆ. ಗೋಡೆಯು ಅಲೆಯೊಡನೆ ಸೆಣಸುತ್ತದೆ. ಸೆಣಸುವುದರಿಂದಲೇ ಪ್ರತಿಯೊಂದು ಸಲವೂ ಪೆಟ್ಟು ತಿನ್ನುತ್ತದೆ. ತೀರದಿಂದ ತುಸು ದೂರದಲ್ಲಿ ಅದೇ ಅಲೆಗಳ ಮೇಲೆ ಒಂದು ತೆಂಗಿನ ಸಿಪ್ಪೆ ತೇಲುತ್ತಿರುತ್ತದೆ. ಅಲೆ ಬಂದಾಗ ಅದು ಏರುತ್ತದೆ. ಅಲೆ ಹೋದಾಗ ಇಳಿಯುತ್ತದೆ. ಅದಕ್ಕೆ ಪೆಟ್ಟಿಲ್ಲ. ಆದರೆ ಅದಕ್ಕೆ ತನ್ನದೆಂಬ ದಾರಿಯೂ ಇಲ್ಲ.

ಗೋಡೆಯಂತೆ ಸೆಣಸದೆ, ಸಿಪ್ಪೆಯಂತೆ ತೇಲಿಯೂ ಹೋಗದೆ, ಎದುರಿನ ಬಲವನ್ನೇ ತನ್ನ ಬಲವನ್ನಾಗಿ ಮಾಡಿಕೊಂಡು ತನಗೆ ಬೇಕಾದ ದಿಕ್ಕಿಗೆ ಸಾಗುವ ಮೂರನೆಯ ಮಾರ್ಗವೊಂದು ಉಂಟೆ? ಉಂಟು. ಅದನ್ನು ಎರಡು ಜನಾಂಗಗಳು ಎರಡು ಬೇರೆ ಬೇರೆ ಎಡೆಗಳಲ್ಲಿ ಕಂಡುಕೊಂಡವು. ಹವಾಯಿ ದ್ವೀಪಗಳ ಜನರು ಅದನ್ನು ಕಡಲಿನ ಅಲೆಯ ಮೇಲೆ ಕಂಡುಕೊಂಡರು. ಆ ವಿದ್ಯೆಗೆ ಇಂದು ಸರ್ಫಿಂಗ್ ಎಂದು ಹೆಸರು. ಜಪಾನಿನ ಜನರು ಅದನ್ನು ಕುಸ್ತಿಯ ಚಾಪೆಯ ಮೇಲೆ ಕಂಡುಕೊಂಡರು. ಅದಕ್ಕೆ ಜುಡೋ ಎಂದು ಹೆಸರು. ಮೇಲುನೋಟಕ್ಕೆ ಇವೆರಡಕ್ಕೂ ಏನೇನೂ ಸಂಬಂಧವಿಲ್ಲ. ಒಳಹೊಕ್ಕು ನೋಡಿದರೆ ಇವು ಒಂದೇ ಪಾಠದ ಎರಡು ಪ್ರತಿಗಳೆಂಬುದು ತಿಳಿಯುತ್ತದೆ. ಆ ಪಾಠವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹವಾಯಿಯ ಅಲೆ

ಶಾಂತಸಾಗರದ ನಡುವೆ ಇರುವ ಹವಾಯಿ ದ್ವೀಪಗಳಲ್ಲಿ ಅಲೆಯ ಮೇಲೆ ಹಲಗೆಯನ್ನು ಹತ್ತಿ ಸಾಗುವ ಆಟವು ಬಹು ಪುರಾತನವಾದುದು. ದ್ವೀಪವಾಸಿಗಳ ಭಾಷೆಯಲ್ಲಿ ಅದಕ್ಕೆ ‘ಹೆಎ ನಲು’ ಎಂದು ಹೆಸರು. ಅಲೆಯ ಮೇಲೆ ಜಾರುವುದು ಎಂದು ಅರ್ಥ. ಅರಸರೂ ಸಾಮಾನ್ಯರೂ, ಗಂಡಸರೂ ಹೆಂಗಸರೂ ಈ ಆಟವನ್ನು ಆಡುತ್ತಿದ್ದರು. 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಅಲ್ಲಿಗೆ ಬಂದವು. ತರುವಾಯ ಹೊರನಾಡಿನವರೊಡನೆ ಬಂದ ರೋಗಗಳಿಂದ ದ್ವೀಪವಾಸಿಗಳು ಅಸಂಖ್ಯರಾಗಿ ಸತ್ತರು. ಹಳೆಯ ಆಟಪಾಟಗಳೂ ಕ್ಷೀಣಿಸಿದವು. 20ನೆಯ ಶತಮಾನದ ಆರಂಭದಲ್ಲಿ ವೈಕೀಕಿ ಎಂಬ ತೀರದಲ್ಲಿ ಈ ವಿದ್ಯೆ ಮತ್ತೆ ಚಿಗುರಿತು. ಅದನ್ನು ಲೋಕಕ್ಕೆಲ್ಲ ಪರಿಚಯಿಸಿದವರು 1890ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದ ಡ್ಯೂಕ್ ಕಹಾನಮೋಕು ಅವರು.

ಈ ಆಟವನ್ನು ತಿಳಿಯಬೇಕಾದರೆ ಅಲೆಯ ಸ್ವಭಾವವನ್ನು ಮೊದಲು ತಿಳಿಯಬೇಕು. ತೆಂಗಿನ ಸಿಪ್ಪೆಯನ್ನು ಮತ್ತೆ ನೆನೆದುಕೊಳ್ಳಿರಿ. ಅಲೆಯು ಮುಂದೆ ಸಾಗಿದರೂ ಸಿಪ್ಪೆಯು ಹೆಚ್ಚುಕಡಮೆ ಇದ್ದಲ್ಲಿಯೇ ಏರಿಳಿಯುತ್ತದೆ. ಏಕೆಂದರೆ ಆಳವಾದ ಕಡಲಿನಲ್ಲಿ ಅಲೆಯೊಡನೆ ನೀರು ಪ್ರಯಾಣ ಮಾಡುವುದಿಲ್ಲ. ನೀರಿನ ಕಣಗಳು ಚಕ್ರದಂತೆ ಸುತ್ತಿ ತಮ್ಮ ಸ್ಥಾನದ ಬಳಿಗೇ ಮರಳುತ್ತವೆ. ಪ್ರಯಾಣ ಮಾಡುವುದು ಶಕ್ತಿ ಮಾತ್ರ. ಸಾವಿರಾರು ಕಿಲೋಮೀಟರುಗಳ ಆಚೆ ಎದ್ದ ಬಿರುಗಾಳಿಯು ನೀರಿಗೆ ಕೊಟ್ಟ ಶಕ್ತಿಯೇ ಹೀಗೆ ಹರಿದುಬಂದು ತೀರವನ್ನು ಮುಟ್ಟುತ್ತದೆ. ತೀರದ ಬಳಿ ಆಳವು ಕಡಮೆಯಾದಂತೆ ಅಲೆಯ ವೇಗವು ತಗ್ಗುತ್ತದೆ, ಎತ್ತರವು ಹೆಚ್ಚುತ್ತದೆ. ನೀರಿನ ಆಳವು ಅಲೆಯ ಎತ್ತರಕ್ಕಿಂತ ತುಸುವೇ ಹೆಚ್ಚಾಗಿ ಉಳಿದಾಗ ಅಲೆಯ ತಲೆಯು ಮುಂದಕ್ಕೆ ಬಾಗಿ ಒಡೆಯುತ್ತದೆ.

ಒಡೆಯುವುದಕ್ಕೆ ಮುಂಚಿನ ಆ ಕ್ಷಣವೇ ಸವಾರನ ಕ್ಷಣ. ಅವನು ಹಲಗೆಯ ಮೇಲೆ ಬೋರಲಾಗಿ ಮಲಗಿ, ಎರಡು ಕೈಗಳಿಂದಲೂ ನೀರನ್ನು ಹಿಂದಕ್ಕೆ ತಳ್ಳುತ್ತ, ಅಲೆಯು ಸಾಗುವ ಕಡೆಗೇ ಸಾಗುತ್ತಾನೆ. ಹಲಗೆಯ ವೇಗವು ಅಲೆಯ ವೇಗಕ್ಕೆ ಸಮೀಪವಾದಾಗ ಅಲೆಯು ಹಿಂದಿನಿಂದ ಹಲಗೆಯನ್ನು ಎತ್ತುತ್ತದೆ. ಹಲಗೆಯು ಇಳಿಜಾರಿನಲ್ಲಿ ಜಾರತೊಡಗುತ್ತದೆ. ಆಗ ಅವನು ಥಟ್ಟನೆ ಎದ್ದು, ಒಂದು ಕಾಲನ್ನು ಮುಂದಿಟ್ಟು, ಮಂಡಿಗಳನ್ನು ಬಾಗಿಸಿ ನಿಲ್ಲುತ್ತಾನೆ. ಅರೆಕ್ಷಣ ಮೊದಲೇ ಎದ್ದರೆ ಅಲೆಯು ಅವನನ್ನು ಬಿಟ್ಟು ಹೋಗುತ್ತದೆ. ಅರೆಕ್ಷಣ ತಡವಾದರೆ ಅಲೆಯು ಅವನ ಮೇಲೆ ಒಡೆಯುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂದು ನಮ್ಮ ರೈತರು ಹೇಳುವುದಿಲ್ಲವೆ? ಗಾಳಿಯನ್ನು ರೈತನು ಹುಟ್ಟಿಸಲಾರನು. ಗಾಳಿ ಬಂದಾಗ ಕಣದಲ್ಲಿ ಮೊರ ಹಿಡಿದು ನಿಂತಿರಬಲ್ಲನು, ಅಷ್ಟೆ. ಅಲೆಯ ಸವಾರನ ಸ್ಥಿತಿಯೂ ಅದೇ.

ಜಪಾನಿನ ಚಾಪೆ

ಈಗ ಜಪಾನಿಗೆ ಹೋಗೋಣ. 1860ರಲ್ಲಿ ಹುಟ್ಟಿದ ಜಿಗೊರೊ ಕಾನೊ ಅವರು ಚಿಕ್ಕಂದಿನಲ್ಲಿ ಕೃಶವಾದ ಶರೀರದವರಾಗಿದ್ದರು. ಶಾಲೆಯಲ್ಲಿ ಬಲಿಷ್ಠರಾದ ಹುಡುಗರು ಅವರನ್ನು ಪೀಡಿಸುತ್ತಿದ್ದರು. ಬಲವಿಲ್ಲದವನು ಬಲವಂತನನ್ನು ಹೇಗೆ ಎದುರಿಸಬೇಕು ಎಂಬ ಪ್ರಶ್ನೆಯು ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ; ದಿನದಿನದ ಪ್ರಶ್ನೆಯಾಗಿತ್ತು. ಅವರು ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆಯನ್ನು ಬೇರೆ ಬೇರೆ ಗುರುಗಳಲ್ಲಿ ಅಭ್ಯಾಸ ಮಾಡಿದರು. ಅಪಾಯಕರವಾದುದನ್ನು ಬಿಟ್ಟು, ಸಾರವಾದುದನ್ನು ಆರಿಸಿಕೊಂಡು, 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ತಮ್ಮ ಶಾಲೆಯನ್ನು ತೆರೆದರು. ಅಲ್ಲಿ ಇದ್ದ ಸ್ಥಳವು ಕೇವಲ 12 ಚಾಪೆಗಳಷ್ಟು. ಆ ಶಾಲೆಯೇ ಕೊಡೊಕಾನ್. ‘ಜು’ ಎಂದರೆ ಮೃದುತ್ವ ಅಥವಾ ಬಾಗುವಿಕೆ. ‘ಡೋ’ ಎಂದರೆ ಮಾರ್ಗ. ಬಾಗುವ ಮಾರ್ಗವೇ ಜುಡೋ.

ಕಾನೊ ಅವರು ವೃತ್ತಿಯಿಂದ ಅಧ್ಯಾಪಕರು. ಆದುದರಿಂದ ತಮ್ಮ ತತ್ತ್ವವನ್ನು ಗಣಿತದ ಪಾಠದಂತೆ ವಿವರಿಸುತ್ತಿದ್ದರು. ಎದುರಾಳಿಯ ಬಲವು 10, ನನ್ನ ಬಲವು 7 ಎಂದು ಇಟ್ಟುಕೊಳ್ಳಿರಿ. ಅವನು ಪೂರ್ಣ ಬಲದಿಂದ ನನ್ನನ್ನು ತಳ್ಳಿದಾಗ ನಾನೂ ಪೂರ್ಣ ಬಲದಿಂದ ಎದುರೊತ್ತಿದರೆ ನಾನು ಸೋಲುವುದು ನಿಶ್ಚಯ. ಆದರೆ ಅವನು ತಳ್ಳಿದಷ್ಟೇ ನಾನು ಹಿಂದೆ ಸರಿದು, ನನ್ನ ತೋಲನವನ್ನು ಮಾತ್ರ ಕಾಪಾಡಿಕೊಂಡರೆ ಏನಾಗುತ್ತದೆ? ಆಸರೆ ಸಿಕ್ಕದೆ ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಮುಗ್ಗರಿಸಿದವನು ತನ್ನ ಬಲದಲ್ಲಿ 3ನ್ನು ಮಾತ್ರ ಉಪಯೋಗಿಸಬಲ್ಲನು. ನನ್ನ 7 ಹಾಗೆಯೇ ಉಳಿದಿದೆ. ಅದರಲ್ಲಿ ಅರ್ಧವನ್ನು, ಎಂದರೆ ಮೂರೂವರೆಯನ್ನು, ಉಪಯೋಗಿಸಿದರೂ ನಾನು ಗೆಲ್ಲುವೆನು.

ಈ ಲೆಕ್ಕವನ್ನು ಅಲೆಗೆ ಅನ್ವಯಿಸಿ ನೋಡಿರಿ. ಅಲೆಯ ಬಲದ ಮುಂದೆ ಮನುಷ್ಯನ ಬಲವು 10ಕ್ಕೆ 7 ಕೂಡ ಅಲ್ಲ. ಆದರೂ ಸವಾರನು ಅದರ ಮೇಲೆ ನಿಲ್ಲುತ್ತಾನೆ. ಜುಡೋ ಕಲಿಯುವವರಿಗೆ ಒಂದು ಪಟ್ಟನ್ನು ಮೂರು ಹೆಜ್ಜೆಗಳಾಗಿ ಬಿಡಿಸಿ ಹೇಳಿಕೊಡುತ್ತಾರೆ: ಎದುರಾಳಿಯ ತೋಲನವನ್ನು ಕೆಡಿಸುವುದು, ತನ್ನ ದೇಹವನ್ನು ಸರಿಯಾದ ಸ್ಥಾನಕ್ಕೆ ತರುವುದು, ಕೊನೆಗೆ ಎಸೆಯುವುದು. ಮೊದಲಿನ ಎರಡು ಸರಿಯಾಗಿದ್ದರೆ ಮೂರನೆಯದಕ್ಕೆ ಹೆಚ್ಚು ಬಲವೇ ಬೇಡ. ಸವಾರನಿಗೂ ಹಾಗೆಯೇ. ಅಲೆ ಎಲ್ಲಿ ಒಡೆಯುವುದೆಂದು ಗುರುತಿಸಿ, ಹಲಗೆಯನ್ನು ಆ ಸ್ಥಾನಕ್ಕೆ ತಂದ ಮೇಲೆ ಎದ್ದು ನಿಲ್ಲುವುದು ಕಡೆಯ ಚಿಕ್ಕ ಕೆಲಸ. ನೋಡುವವರ ಕಣ್ಣಿಗೆ ಬೀಳುವುದು ಆ ಚಿಕ್ಕ ಕೆಲಸ ಮಾತ್ರ.

ಮೊದಲನೆಯ ಪಾಠ: ಬೀಳುವುದು

ಕೊಡೊಕಾನಿನಲ್ಲಾಗಲಿ, ಜಗತ್ತಿನ ಬೇರಾವ ಜುಡೋ ಶಾಲೆಯಲ್ಲಾಗಲಿ, ಹೊಸದಾಗಿ ಬಂದವನಿಗೆ ಮೊದಲು ಕಲಿಸುವುದು ಎಸೆಯುವುದನ್ನಲ್ಲ, ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿಕೊಂಡು ತಲೆಯು ನೆಲಕ್ಕೆ ಬಡಿಯದಂತೆ ನೋಡಿಕೊಳ್ಳಬೇಕು. ಬೀಳುವ ಕ್ಷಣದಲ್ಲಿ ತೋಳಿನಿಂದ ಚಾಪೆಯನ್ನು ಬಲವಾಗಿ ತಟ್ಟಬೇಕು. ಹೀಗೆ ಮಾಡಿದಾಗ ಪೆಟ್ಟು ಒಂದೇ ಎಲುಬಿನ ಮೇಲೆ ಬೀಳದೆ ದೇಹದ ಅಗಲಕ್ಕೆಲ್ಲ ಹಂಚಿಹೋಗುತ್ತದೆ. ನೀವು ವಿಜ್ಞಾನದ ತರಗತಿಯಲ್ಲಿ ಓದಿರುವ ಒತ್ತಡದ ನಿಯಮವೇ ಇದು: ಒಂದೇ ಬಲವು ಹೆಚ್ಚು ವಿಸ್ತಾರಕ್ಕೆ ಹರಡಿದಾಗ ಒತ್ತಡವು ಕಡಮೆಯಾಗುತ್ತದೆ. ಇದನ್ನು ಒಮ್ಮೆ ಕಲಿತು ಬಿಡುವಂತಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿ ಕರಿಯ ಪಟ್ಟಿಯನ್ನು ಕಟ್ಟಿಕೊಂಡವರೂ ಬೀಳುವುದನ್ನು ಬಿಡುವುದಿಲ್ಲ.

ಸಮುದ್ರದಲ್ಲಿಯೂ ಇದೇ ಕ್ರಮ. ಹಲಗೆಯಿಂದ ಉರುಳುವವನು ತಲೆ ಕೆಳಗಾಗಿ ಧುಮುಕಬಾರದು. ಕೆಳಗೆ ಮರಳೋ ಬಂಡೆಯೋ ಎಷ್ಟು ಸಮೀಪವಿದೆಯೆಂದು ಮೇಲಿನಿಂದ ಕಾಣದು. ದೇಹವನ್ನು ಚಪ್ಪಟೆಯಾಗಿ ನೀರಿಗೆ ಒಪ್ಪಿಸಬೇಕು. ಮೇಲಕ್ಕೆ ಬರುವಾಗ ಕೈಗಳಿಂದ ತಲೆಯನ್ನು ಮರೆಮಾಡಿಕೊಳ್ಳಬೇಕು. ತನ್ನ ಹಲಗೆಯೇ ತನಗೆ ಬಡಿಯಬಹುದು. ನೀರಿನೊಳಗೆ ಅಲೆಯು ಉರುಳಾಡಿಸುವಾಗ ಗಾಬರಿಯಿಂದ ಕೈಕಾಲು ಬಡಿದವನ ಉಸಿರು ಬೇಗ ಮುಗಿಯುತ್ತದೆ. ಸಮಾಧಾನದಿಂದ ಇದ್ದವನನ್ನು ಅಲೆಯು ಕೆಲವು ಕ್ಷಣಗಳಲ್ಲಿ ಬಿಟ್ಟುಕೊಡುತ್ತದೆ.

ನಮ್ಮ ನಾಡಿನ ಗರಡಿಮನೆಗಳಲ್ಲಿಯೂ ಈ ವಿವೇಕವಿದೆ. ಕುಸ್ತಿಗೆ ಮೊದಲು ಮಟ್ಟಿಯ ಮಣ್ಣನ್ನು ಅಗೆದು ಸಡಿಲಗೊಳಿಸುತ್ತಾರೆ. ಬೀಳುವವರು ಇದ್ದೇ ಇರುತ್ತಾರೆಂದು ಗುರುವಿಗೆ ತಿಳಿದಿದೆ. ಆದರೆ ಅದೇ ಗರಡಿಯಿಂದ ಹುಟ್ಟಿದ ಇನ್ನೊಂದು ಮಾತೂ ಇದೆ: ‘ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.’ ಬಿದ್ದುದನ್ನು ಒಪ್ಪಿಕೊಳ್ಳದವನನ್ನು ಕುರಿತ ಪರಿಹಾಸ್ಯವಿದು. ಇಲ್ಲಿ ಆಲೋಚಿಸಬೇಕಾದ ಅಂಶವೊಂದಿದೆ. ಬಿದ್ದೆನೆಂದು ಒಪ್ಪಿಕೊಳ್ಳದವನು ಏಕೆ ಬಿದ್ದೆನೆಂದು ಕೇಳಿಕೊಳ್ಳಲಾರನು. ಕೇಳಿಕೊಳ್ಳದವನು ಮರುದಿನವೂ ಅದೇ ಪಟ್ಟಿಗೆ ಬೀಳುವನು. ತಪ್ಪಾದೀತೆಂದು ಹೆದರಿ ತರಗತಿಯಲ್ಲಿ ಕೈಯೆತ್ತದ ವಿದ್ಯಾರ್ಥಿಯೂ, ಅಂಕಪಟ್ಟಿಯನ್ನು ಮನೆಯಲ್ಲಿ ಬಚ್ಚಿಡುವ ವಿದ್ಯಾರ್ಥಿಯೂ ಮೀಸೆಯ ಮಣ್ಣನ್ನು ಒರೆಸಿಕೊಳ್ಳುವುದರಲ್ಲಿಯೇ ಕಾಲ ಕಳೆಯುವವರು. ಅವರು ಮಣ್ಣನ್ನು ಒರೆಸಿಕೊಂಡಾರು, ಪಟ್ಟನ್ನು ಕಲಿಯಲಾರರು.

ಎರಡನೆಯ ಪಾಠ: ಬಲವನ್ನು ಓದುವುದು

ಅಲೆಗಳು ಎಲ್ಲವೂ ಒಂದೇ ಸಮನಾಗಿ ಬರುವುದಿಲ್ಲ. ಕೆಲವು ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಗುಂಪಾಗಿ ಬರುತ್ತವೆ. ಅನಂತರ ಸ್ವಲ್ಪ ಹೊತ್ತು ಕಡಲು ತಣ್ಣಗಿರುತ್ತದೆ. ಅನುಭವಿಯಾದವನು ನೀರಿಗೆ ಇಳಿಯುವ ಮೊದಲು ತೀರದಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತು ನೋಡುತ್ತಾನೆ. ನೀರಿನಲ್ಲಿಯೂ ಅವನ ಹೆಚ್ಚಿನ ಕಾಲವು ಕಾಯುವುದರಲ್ಲಿಯೇ ಕಳೆಯುತ್ತದೆ. ನಿಂತು ಸಾಗುವ ಕಾಲವು ಕೆಲವು ಕ್ಷಣಗಳು ಮಾತ್ರ. ಜುಡೋಗಾರನು ಕೂಡ ಎದುರಾಳಿಯ ಅಂಗಿಯ ಅಂಚನ್ನು ಹಿಡಿದ ಬೆರಳುಗಳಿಂದಲೇ ಅವನ ದೇಹಭಾರವು ಯಾವ ಕಾಲಿನ ಮೇಲಿದೆ, ಎತ್ತ ವಾಲುತ್ತಿದೆ ಎಂಬುದನ್ನು ತಿಳಿಯುತ್ತಾನೆ. ನೋಡುವವರಿಗೆ ಇಬ್ಬರೂ ಸುಮ್ಮನಿರುವಂತೆ ಕಾಣುವುದು. ಆ ಸುಮ್ಮನಿರುವಿಕೆಯೇ ಅವರ ಓದು.

ಈ ಓದು ಆಟಕ್ಕೆ ಮಾತ್ರವಲ್ಲ, ಪ್ರಾಣಕ್ಕೂ ಸಂಬಂಧಿಸಿದ್ದು. ಅಲೆಗಳು ತೀರಕ್ಕೆ ತಂದು ಸುರಿದ ನೀರು ಎಲ್ಲಿಯಾದರೊಂದು ಕಡೆ ಹಿಂದಿರುಗಲೇಬೇಕು. ಎಷ್ಟೋ ವೇಳೆ ಅದು ಒಂದು ಕಿರಿದಾದ ಕಾಲುವೆಯಂತೆ ರಭಸದಿಂದ ಕಡಲಿನ ಕಡೆಗೆ ಹರಿಯುತ್ತದೆ. ಅದೇ ಸೆಳೆತ. ಸೆಳೆತವಿರುವ ಎಡೆಯಲ್ಲಿ ಅಲೆಗಳು ಹೆಚ್ಚಾಗಿ ಒಡೆಯದೆ ನೀರು ಶಾಂತವಾಗಿರುವಂತೆ ಕಾಣುವುದರಿಂದ ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡವನು ಭಯದಿಂದ ನೆಟ್ಟಗೆ ತೀರದ ಕಡೆಗೆ ಈಜುತ್ತಾನೆ. ಎಂಥ ಈಜುಗಾರನಾದರೂ ಆ ರಭಸದೊಡನೆ ಸೆಣಸಿ ಗೆಲ್ಲುವುದು ಕಷ್ಟ, ದಣಿದು ಮುಳುಗುತ್ತಾನೆ. ಅವನನ್ನು ಕೊಲ್ಲುವುದು ನೀರಿನ ಬಲಕ್ಕಿಂತ ಹೆಚ್ಚಾಗಿ ಅವನ ದಣಿವು. ಮಾಡತಕ್ಕುದೇನೆಂದರೆ, ಗಾಬರಿಗೊಳ್ಳದೆ ತೇಲುತ್ತಿದ್ದು, ಕೈಯೆತ್ತಿ ಸಹಾಯಕ್ಕೆ ಕರೆಯುವುದು; ಶಕ್ತಿಯಿದ್ದರೆ ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ದಡದ ಕಡೆಗೆ ತಿರುಗುವುದು. ಕಾನೊ ಅವರ 7 ಮತ್ತು 10ರ ಲೆಕ್ಕವನ್ನು ಇಲ್ಲಿ ಮತ್ತೊಮ್ಮೆ ಕಾಣಬಹುದು.

ಆದರೆ ಮಿತ್ರರೇ, ಇದನ್ನು ಓದಿದ ಮಾತ್ರಕ್ಕೆ ಯಾರೂ ಮಳೆಗಾಲದ ಜುಹುವಿಗೋ ವರ್ಸೋವಾಕ್ಕೋ ಹೋಗಿ ಪರೀಕ್ಷಿಸಬಾರದು. ಕಡಲನ್ನು ನಿಜವಾಗಿ ಓದಬಲ್ಲವನು ಎಂದು ಇಳಿಯಬಾರದೆಂಬುದನ್ನು ಮೊದಲು ಓದುತ್ತಾನೆ. ಇಳಿಯದೆ ಹಿಂದಿರುಗುವುದೂ ಈ ವಿದ್ಯೆಯ ಒಂದು ಪಟ್ಟು.

ಮೂರನೆಯ ಪಾಠ: ಗಳಿಸಿದ ಬಲವು ಯಾರಿಗಾಗಿ?

ಕಾನೊ ಅವರು ತಮ್ಮ ವಿದ್ಯೆಗೆ ಎರಡು ಸೂತ್ರಗಳನ್ನು ಇಟ್ಟರು. ಶಕ್ತಿಯನ್ನು ಅತ್ಯುತ್ತಮವಾದ ರೀತಿಯಲ್ಲಿ ಉಪಯೋಗಿಸುವುದು ಒಂದು. ತನ್ನ ಮತ್ತು ಇತರರ ಅಭ್ಯುದಯವನ್ನು ಒಟ್ಟಿಗೆ ಸಾಧಿಸುವುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದು ಕೇವಲ ಜಾಣತನವಾಗುತ್ತದೆ. ಎಸೆಯುವವನು ತನ್ನ ಜೊತೆಗಾರನ ತೋಳನ್ನು ಕೊನೆಯವರೆಗೆ ಹಿಡಿದಿದ್ದು, ಅವನು ಕ್ಷೇಮವಾಗಿ ಬೀಳುವಂತೆ ನೋಡಿಕೊಳ್ಳುತ್ತಾನೆ. ಬೀಳಲು ಒಪ್ಪುವ ಜೊತೆಗಾರನಿಲ್ಲದೆ ಯಾರೂ ಎಸೆಯಲು ಕಲಿಯಲಾರರು. ಆದುದರಿಂದಲೇ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಇಬ್ಬರೂ ಪರಸ್ಪರ ತಲೆಬಾಗಿ ವಂದಿಸುತ್ತಾರೆ.

1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜುಡೋ ಮೊದಲ ಬಾರಿಗೆ ಸೇರಿತು. ತೂಕದ ಮಿತಿಯಿಲ್ಲದ ವರ್ಗದಲ್ಲಿ ನೆದರ್ಲೆಂಡ್ಸಿನ ಆಂಟನ್ ಗೀಸಿಂಕ್ ಅವರು ಜಪಾನಿನ ಅಕಿಯೊ ಕಾಮಿನಾಗ ಅವರನ್ನು ಸೋಲಿಸಿದರು. ತಮ್ಮ ನಾಡಿನ ವಿದ್ಯೆಯಲ್ಲಿ ತಮ್ಮವರೇ ಸೋತುದನ್ನು ಕಂಡು ಜಪಾನಿನ ಪ್ರೇಕ್ಷಕರು ಸ್ತಬ್ಧರಾದರು. ಗೀಸಿಂಕರ ದೇಶದವರು ಹರ್ಷದಿಂದ ಚಾಪೆಯ ಕಡೆಗೆ ಓಡಿಬಂದರು. ಗೀಸಿಂಕರು ಕೈಯೆತ್ತಿ ಅವರನ್ನು ತಡೆದರು. ಮೊದಲು ಎದುರಾಳಿಗೆ ಸಲ್ಲಬೇಕಾದ ವಂದನೆ ಸಲ್ಲಬೇಕಾಗಿತ್ತು. ಗೆದ್ದ ಕ್ಷಣದಲ್ಲಿಯೂ ಕಾಲ ಕೆಳಗಿನ ತೋಲನವನ್ನು ಕಳೆದುಕೊಳ್ಳದವನೇ ವಿದ್ಯೆಯನ್ನು ಪೂರ್ಣವಾಗಿ ಕಲಿತವನು.

ಡ್ಯೂಕ್ ಕಹಾನಮೋಕು ಅವರ ಜೀವನದಲ್ಲಿ ಇದಕ್ಕಿಂತಲೂ ಕಠಿಣವಾದ ಪರೀಕ್ಷೆಯೊಂದು ಬಂದಿತು. 1925ರ ಜೂನ್ 14ರಂದು ಕ್ಯಾಲಿಫೋರ್ನಿಯಾದ ಕೊರೋನಾ ಡೆಲ್ ಮಾರ್ ತೀರದಲ್ಲಿ ಕಡಲು ಭೀಕರವಾಗಿತ್ತು. ಬಂದರಿನ ಬಾಯಿಯಲ್ಲಿ ಥೆಲ್ಮಾ ಎಂಬ ಮೀನುಗಾರಿಕೆಯ ದೋಣಿಯು ಮಗುಚಿಕೊಂಡಿತು. ಅದರಲ್ಲಿ 17 ಮಂದಿ ಇದ್ದರು. ಡ್ಯೂಕ್ ಅವರು ತಮ್ಮ ಹಲಗೆಯೊಡನೆ ಆ ನೀರಿಗೆ ಇಳಿದರು. ಮೂರು ಸಲ ಹೋಗಿ ಬಂದು 8 ಮಂದಿಯನ್ನು ದಡಕ್ಕೆ ತಂದರು. ಅವರ ಸಂಗಡಿಗರು ಇನ್ನೂ 4 ಮಂದಿಯನ್ನು ಉಳಿಸಿದರು. 5 ಮಂದಿ ಉಳಿಯಲಿಲ್ಲ. ಅಂದು ಆ ಹಲಗೆಯು ಆಟದ ಸಾಮಗ್ರಿಯಾಗಿರಲಿಲ್ಲ. ಅನಂತರ ತೀರರಕ್ಷಕರು ಇಂಥ ಹಲಗೆಗಳನ್ನು ಪ್ರಾಣರಕ್ಷಣೆಯ ಸಾಧನವಾಗಿ ಉಪಯೋಗಿಸುವುದು ರೂಢಿಗೆ ಬಂದಿತು. ವೈಕೀಕಿಯಲ್ಲಿ ಬಾಲ್ಯದಿಂದ ಎಷ್ಟು ಸಹಸ್ರ ಬಾರಿ ಅವರು ಅಲೆಯಿಂದ ಬಿದ್ದಿದ್ದರೋ! ಆ ಬೀಳುವಿಕೆಗಳೆಲ್ಲವೂ ಅಂದು 8 ಜನರ ಪ್ರಾಣವಾಗಿ ಎದ್ದುವು.

ಇಬ್ಬರ ಬಾಳಿನಲ್ಲಿ ಒಂದು ಕುತೂಹಲಕರವಾದ ಸಂಗತಿಯೂ ಇದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನಲ್ಲಿ ಡ್ಯೂಕ್ ಅವರು ಚಿನ್ನದ ಪದಕವನ್ನು ಗೆದ್ದರು. ಅದೇ ಕ್ರೀಡಾಕೂಟಕ್ಕೆ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಏಷ್ಯನ್ ಸದಸ್ಯರಾದ ಕಾನೊ ಅವರು ಜಪಾನಿನ ಪ್ರಥಮ ತಂಡವನ್ನು ಕರೆದುಕೊಂಡು ಬಂದಿದ್ದರು. ಆ ತಂಡದಲ್ಲಿದ್ದ ಸ್ಪರ್ಧಿಗಳು ಇಬ್ಬರೇ. ಮುಂದೆ ಜುಡೋ ಒಲಿಂಪಿಕ್ಸ್ ಸೇರಿದ್ದು 1964ರಲ್ಲಿ, ಟೋಕಿಯೋದಲ್ಲಿ. ಸರ್ಫಿಂಗ್ ಸೇರಿದ್ದು 2021ರಲ್ಲಿ ನಡೆದ ಕೂಟದಲ್ಲಿ; ಅದೂ ಟೋಕಿಯೋದ ಕೂಟವೇ. ಅಂದು ಮಹಿಳೆಯರ ಚಿನ್ನದ ಪದಕವು ಹವಾಯಿಯ ಕರಿಸ್ಸಾ ಮೂರ್ ಅವರಿಗೆ ದೊರೆಯಿತು. ಆ ದಿನವನ್ನು ನೋಡಲು 1938ರಲ್ಲಿ ತೀರಿಕೊಂಡ ಕಾನೊ ಅವರಾಗಲಿ, 1968ರಲ್ಲಿ ತೀರಿಕೊಂಡ ಡ್ಯೂಕ್ ಅವರಾಗಲಿ ಇರಲಿಲ್ಲ.

ಸಾದೃಶ್ಯದ ಮಿತಿ

ಎರಡು ವಸ್ತುಗಳನ್ನು ಹೋಲಿಸುವಾಗ ಅವುಗಳ ಭೇದವನ್ನೂ ಹೇಳುವುದು ವಿದ್ಯಾರ್ಥಿಯ ಧರ್ಮ. ಎದುರಾಳಿಗೆ ಮನಸ್ಸಿದೆ, ಅವನು ನಮ್ಮನ್ನು ವಂಚಿಸಬಲ್ಲನು, ಕರುಣೆಯನ್ನೂ ತೋರಬಲ್ಲನು. ಅಲೆಗೆ ದ್ವೇಷವೂ ಇಲ್ಲ, ದಯೆಯೂ ಇಲ್ಲ. ಜುಡೋದಲ್ಲಿ ಸೋತವನು ಕೈಯಿಂದ ತಟ್ಟಿದರೆ ಎದುರಾಳಿಯು ತನ್ನ ಹಿಡಿತವನ್ನು ಬಿಡುತ್ತಾನೆ. ಕಡಲನ್ನು ತಟ್ಟಿದರೆ ಅದು ಬಿಡದು. ಎದುರಾಳಿಯನ್ನು ಗೆದ್ದೆನೆಂದು ಹೇಳಬಹುದು; ಅಲೆಯನ್ನು ಗೆದ್ದೆನೆಂದು ಹೇಳುವುದು ಹಾಸ್ಯಾಸ್ಪದ. ಸವಾರನು ಇಳಿದ ಮೇಲೂ ಅಲೆಯು ತನ್ನ ಪಾಡಿಗೆ ದಡವನ್ನು ಸೇರುತ್ತದೆ. ಆದುದರಿಂದ ಕಡಲು ಕಲಿಸುವ ವಿನಯವು ಒಂದು ತೂಕ ಹೆಚ್ಚೆಂದೇ ಹೇಳಬೇಕು.

ಉಪಸಂಹಾರ

ಈ ವಿದ್ಯೆಯು ಇಂದು ನಮ್ಮ ನಾಡಿಗೆ ದೂರವಾಗಿ ಉಳಿದಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ಹಿರಿಯರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕರಾವಳಿಯಿಂದ ಈ ನಗರಕ್ಕೆ ಬಂದವರು. ಅದೇ ಕರಾವಳಿಯ ಮೂಲ್ಕಿಯಲ್ಲಿ ಈ ಶತಮಾನದ ಆರಂಭದಿಂದ ಸರ್ಫಿಂಗಿನ ಅಭ್ಯಾಸ ನಡೆಯುತ್ತಿದೆ. ಅದರ ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆಯೂ ನಡೆಯಿತು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಅಲೆಯನ್ನೇರಲು ಕಲಿಯುವ ಮಕ್ಕಳನ್ನು ನೀವು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಅವರು ನಿಲ್ಲುವುದನ್ನು ಎಲ್ಲರೂ ನೋಡುತ್ತಾರೆ. ನೀವು ಅವರು ಬೀಳುವುದನ್ನು ನೋಡಿರಿ. ಬಿದ್ದ ಮೇಲೆ ಹಲಗೆಯನ್ನು ಎಳೆದುಕೊಂಡು ಮತ್ತೆ ಅಲೆಯ ಕಡೆಗೆ ತಿರುಗುವುದನ್ನು ನೋಡಿರಿ. ಪಾಠವಿರುವುದು ಅಲ್ಲಿ.

ನಮ್ಮ ಬಾಳಿನಲ್ಲಿಯೂ ನಮಗಿಂತ ಹಿರಿದಾದ ಬಲಗಳು ಎದುರಾಗುತ್ತಲೇ ಇರುತ್ತವೆ. ಕೆಲವರು ಗೋಡೆಯಂತೆ ನಿಂತು ಬಿರುಕುಬಿಡುತ್ತಾರೆ. ಕೆಲವರು ಸಿಪ್ಪೆಯಂತೆ ತೇಲಿಹೋಗುತ್ತಾರೆ. ಬೀಳಲು ಹೆದರದೆ, ಬಿದ್ದುದನ್ನು ಮರೆಮಾಡದೆ, ಎದುರಿನ ಬಲವನ್ನು ತಾಳ್ಮೆಯಿಂದ ಓದಿ, ಸಮಯವರಿತು ಏಳುವವನು ಮಾತ್ರ ತನ್ನ ದಾರಿಯಲ್ಲಿ ಸಾಗುತ್ತಾನೆ. ಸಾಗುವಾಗ ಇನ್ನೊಬ್ಬನನ್ನೂ ದಡಕ್ಕೆ ಕರೆತರುತ್ತಾನೆ.

ಆಲೋಚಿಸಿ ಉತ್ತರಿಸಿರಿ

1. ಅಲೆಯು ಮುಂದೆ ಸಾಗಿದರೂ ತೆಂಗಿನ ಸಿಪ್ಪೆಯು ಇದ್ದಲ್ಲಿಯೇ ಏರಿಳಿಯುವುದೇಕೆ?

2. ಸೆಳೆತಕ್ಕೆ ಸಿಕ್ಕವನು ನೆಟ್ಟಗೆ ದಡದ ಕಡೆಗೆ ಈಜಬಾರದೇಕೆ? ಕಾನೊ ಅವರ ಲೆಕ್ಕದಿಂದ ವಿವರಿಸಿರಿ.

3. ‘ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಗೆ ನಿಮ್ಮ ಸ್ವಂತ ಅನುಭವದಿಂದ ಒಂದು ಉದಾಹರಣೆಯನ್ನು ಬರೆಯಿರಿ. ಬರೆಯುವಾಗ ಮೀಸೆಯನ್ನು ಒರೆಸಿಕೊಳ್ಳಬೇಡಿರಿ.